ಕಮಲಾಪುರದ ವೈರಿಂಗ್ ರೇವಣಸಿದ್ದಪ್ಪ

ಕಾರಿನ ಬಾನೆಟ್ಟಿನೊಳಗೆ ಬಗ್ಗುವ ಮುಂಚೆ ರೇವಣಸಿದ್ದಪ್ಪನವರು ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನು ಅಂಗಿಯೊಳಗಿಂದಲೇ ಸರಿಸಿ ಬೆನ್ನಿಗೆ ಹಾಕಿಕೊಳ್ಳುತ್ತಿದ್ದರು. ಅದನ್ನು ಮೈಯಿಂದ ತೆಗೆಯುವಂತಿಲ್ಲ, ಬೆಳ್ಳಿ ಹೋಗಿ ಬ್ಯಾಟರಿಗೆ ತಾಗುವಂತೆಯೂ ಇಲ್ಲ. ಹೀಗಾಗಿ ಅವರು ಕೆಲಸ ಮಾಡುವಷ್ಟು ಹೊತ್ತೂ ಬೆನ್ನ ಮೇಲೆ ನಿಂಬೆಹಣ್ಣಿನಷ್ಟು ಒಂದು ಉಬ್ಬು ಕಾಣುತ್ತಿತ್ತು. ಕೆಲಸ ಮುಗಿದ ಮೇಲೆ ಕೈ ತೊಳೆದುಕೊಂಡು ಅದನ್ನು ಮತ್ತೆ ಎದೆಗೆ ತಂದುಕೊಳ್ಳುವರು. ಕರಡಿಗೆ ಎದೆಗೆ ಬಂತೆಂದರೆ ಇನ್ನು ಚಹಾ ತರಬಹುದು ಎಂದು ನಾನು ಎರಡೇ ಮಂಗಳವಾರದಲ್ಲಿ ಕಲಿತೆ.

ಅವರು ಮಂಗಳವಾರ ಮಾತ್ರ ಬರುತ್ತಿದ್ದರು. ಅವರ ಗಾಡಿ ವೈರಿಂಗ್ ಅಂಗಡಿ ಇದ್ದದ್ದು ಕಮಲಾಪುರದಲ್ಲಿ, ರಸ್ತೆಯ ಬದಿಗೆ, ಕೆಂಪು ಬಾಳೆಹಣ್ಣು ಮಾರುವವರ ಸಾಲಿನ ಹಿಂದೆ. ವಾರಕ್ಕೊಮ್ಮೆ ಸಾಮಾನು ಕೊಳ್ಳಲು ಬಸ್ಸಿನಲ್ಲಿ ಕಲಬುರಗಿಗೆ ಬರುವರು. ಬಂದಾಗ ನಮ್ಮಂಥವರ ಮನೆಗೂ ಒಂದು ಸುತ್ತು. ಅವರ ಹೆಸರನ್ನು ನನಗೆ ಹೇಳಿದವರು ನಾನು ಪಾಠ ಮಾಡುವ ಶಾಲೆಯ ಗುಮಾಸ್ತರು.

ನಮ್ಮ ಕಾರು ಬ್ರಹ್ಮಪುರ ಬಡಾವಣೆಯ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಮೂರು ವರ್ಷ ನಿಂತಿತ್ತು. ನಮ್ಮವರು ತೀರಿಕೊಂಡ ಮೇಲೆ ಅದರ ಮೇಲಿನ ಹೊದಿಕೆಯನ್ನು ಯಾರೂ ತೆಗೆದಿರಲಿಲ್ಲ. ಈಗ ಅದಕ್ಕೆ ಹದಿನೈದು ವರ್ಷ ತುಂಬುತ್ತಿತ್ತು. ಆರ್‌ಟಿಓ ಕಚೇರಿಗೆ ಒಯ್ದು ದೀಪ, ಹಾರ್ನು, ವೈಪರು ಎಲ್ಲವೂ ಸರಿಯಿದೆ ಎಂದು ತೋರಿಸಬೇಕು. ಇಲ್ಲದಿದ್ದರೆ ಗುಜರಿಗೆ ಹಾಕಬೇಕು. ಮೈದುನ ವಸಂತ ಹೊಸ ಬ್ಯಾಟರಿ ತಂದು ಹಾಕಿದ. ಕಾರು ಒಂದು ದಿನ ಶುರುವಾಗುವುದು, ಮರುದಿನ ಬೆಳಿಗ್ಗೆ ಸತ್ತಿರುವುದು. ಮೂರು ಸಲ ಚಾರ್ಜ್ ಮಾಡಿಸಿ ಅವನಿಗೂ ಸಾಕಾಯಿತು.

"ವೈನಿ, ಗುಜರಿಗಿ ಕೊಟ್ಟುಬಿಡೂಣೇನು? ನೀವು ಹೂಂ ಅಂದ್ರ ಸಾಕು," ಎಂದ.

ನನಗೆ ಹೂಂ ಎನ್ನಲೂ ಆಗಲಿಲ್ಲ, ಊಹೂಂ ಎನ್ನಲೂ ಆಗಲಿಲ್ಲ. ಆ ಮೂರು ವರ್ಷ ನಾನು ಹಾಗೆಯೇ ಇದ್ದೆ. ಶಾಲೆಗೆ ಹೋಗಿ ಬರುತ್ತಿದ್ದೆ, ಉಣ್ಣುತ್ತಿದ್ದೆ, ಮಲಗಿದರೆ ನಿದ್ದೆಯೂ ಬರುತ್ತಿತ್ತು. ಅಳು ಮಾತ್ರ ಬಂದಿರಲಿಲ್ಲ. ಹೆಣದ ಮುಂದೆಯೂ ಬರಲಿಲ್ಲ. ಅತ್ತುಬಿಡು, ಹಗುರಾಗುತ್ತೀ ಎಂದು ಬಂದವರೆಲ್ಲ ಬೆನ್ನು ಸವರಿದರು. ನಾಲ್ಕು ದಿನ ನೋಡಿ, ಇವಳದು ಕಲ್ಲೆದೆ ಎಂದು ಎದ್ದುಹೋದರು. ನನಗೂ ಅದೇ ನಿಜವಿರಬೇಕು ಎನಿಸತೊಡಗಿತ್ತು.

ಮೊದಲನೆಯ ಮಂಗಳವಾರ ರೇವಣಸಿದ್ದಪ್ಪನವರು ವೈರುಗಳ ನಡುವೆ ಇಲಿ ಕಟ್ಟಿದ್ದ ಚಿಂದಿಯ ಗೂಡನ್ನು ಕಿತ್ತು ಹಾಕಿದರು. ಕಡಿದ ವೈರುಗಳನ್ನು ಜೋಡಿಸಿದರು. ಆಮೇಲೆ ಬ್ಯಾಟರಿಯ ಅರ್ಥಿಂಗ್ ವೈರು ಕಾರಿನ ಮೈಗೆ ಸೇರುವ, ತುಕ್ಕು ಹಿಡಿದ ಜಾಗವನ್ನು ಮರಳು ಕಾಗದದಿಂದ ತಿಕ್ಕುತ್ತ ಕೂತರು.

"ಎಲ್ಲಾರೂ ಬ್ಯಾಟರಿಗಿ ಬೈತಾರ್ರಿ ಅಕ್ಕಾರ. ಅದು ಪಾಪ ಕೊಡಾಕತ್ತದ. ತಿರುಗಿ ಬರೋ ದಾರ್ಯಾಗ ಜಂಗ್ ಹಿಡದದ. ಬೈದ್ರ ಏನ್ ಮಾಡ್ತದದು?"

ದೂಡಿ ಶುರುಮಾಡಿದರೆ ಹೇಗೆ ಎಂದು ವಸಂತ ಕೇಳಿದ. ಅವರು ತಲೆಯೆತ್ತದೆ, "ಬಂದ್ ಬಿದ್ದ ಗಾಡಿಗಿ ಧಕ್ಕಾ ಹೊಡಿಯೋರು ಭಾಳ ಮಂದಿ ಇರ್ತಾರ್ರಿ ಸಾಹೇಬ್ರ. ಯಾಕ ಬಂದ್ ಬಿತ್ತು ಅಂತ ಕೇಳೋರೇ ಇರಂಗಿಲ್ಲ," ಎಂದರು.

ಅವರದು ಇನ್ನೊಂದು ಪದ್ಧತಿ. ಟೆಸ್ಟ್ ಬಲ್ಬನ್ನು ತಾವು ಹಿಡಿಯುತ್ತಿರಲಿಲ್ಲ, ಗಾಡಿಯ ಮಾಲೀಕರ ಕೈಗೇ ಕೊಡುತ್ತಿದ್ದರು. ಎರಡು ವೈರು ಕಟ್ಟಿದ ಒಂದು ಸಣ್ಣ ಬಲ್ಬು ಅಷ್ಟೇ. ಬ್ಯಾಟರಿ ಆ ವಾರವೂ ಸತ್ತು, ಮತ್ತೆ ಚಾರ್ಜ್ ಮಾಡಿಸಿ ತಂದಿದ್ದೆವು. ಎರಡನೆಯ ಮಂಗಳವಾರ ಬಲ್ಬಿಗೆ ವಸಂತ ಕೈ ಮುಂದೆ ಮಾಡಿದ. "ನಿಮ್ಮ ಹೆಸರಿಲೆ ಅದ ಏನ್ರಿ ಗಾಡಿ?" ಎಂದು ಕೇಳಿ, ಬಲ್ಬನ್ನು ನನ್ನ ಕೈಗಿಟ್ಟರು.

"ಬಳಿ ತೆಗದಿಡ್ರಿ ಅಕ್ಕಾರ. ನಾ ನೋಡಿದ್ರ ನನಗ ತಿಳೀತದ. ನೀವು ನೋಡಿದ್ರ ನಿಮಗ ತಿಳೀತದ."

ಬ್ಯಾಟರಿಗೂ ಬಿಚ್ಚಿದ ವೈರಿಗೂ ನಡುವೆ ಬಲ್ಬು ಹಿಡಿದೆ. ಕಾರಿನಲ್ಲಿ ಎಲ್ಲವೂ ಬಂದ್ ಇತ್ತು. ಆದರೂ ಬಲ್ಬು ಮಂದವಾಗಿ ಉರಿಯಿತು. "ನೋಡ್ರಿ, ಒಳಗ ಯಾರೋ ಕುಂತು ತಿನ್ನಾಕತ್ತಾರ," ಎಂದು ಅವರು ಸ್ಟೇರಿಂಗಿನ ಕೆಳಗೆ ಬಗ್ಗಿ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು, ಟವೆಲ್ಲಿನ ಮೇಲೆ ಸಾಲಾಗಿ ಇಡತೊಡಗಿದರು. ಪ್ರತಿ ಸಲವೂ "ಉರೀತದ?" ಎಂದು ಕೇಳುವರು. "ಉರೀತದ್ರಿ," ಎನ್ನುವೆ. ಆರನೆಯ ಫ್ಯೂಸಿಗೆ ಬಲ್ಬು ಆರಿತು.

ಆ ಫ್ಯೂಸಿನ ವೈರನ್ನು ಬೆರಳಿನಿಂದ ತಡವುತ್ತ ಹೋದ ರೇವಣಸಿದ್ದಪ್ಪನವರು ಡ್ಯಾಶ್‌ಬೋರ್ಡಿನ ಡಬ್ಬಿಯ ಹತ್ತಿರ ನಿಂತರು. ಫ್ಯೂಸನ್ನು ಮತ್ತೆ ಹಾಕಿ ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ಹುಣಸೆ ಬೀಜದಷ್ಟು ಬಲ್ಬೊಂದು ಉರಿಯುತ್ತಿತ್ತು. ಕಂಪನಿಯದಲ್ಲ, ಮನೆಯಲ್ಲಿ ಮಾಡಿದ್ದು. ಜೋಡಿಸಿದ ವೈರಿಗೆ ಗಾಯಕ್ಕೆ ಹಚ್ಚುವ ಪ್ಲಾಸ್ಟರು ಸುತ್ತಿತ್ತು. ನಮ್ಮವರದು ಔಷಧಿ ಅಂಗಡಿ. ಆ ಡಬ್ಬಿಯ ಕತ್ತಲಲ್ಲಿ ನನ್ನ ಚಷ್ಮಾ ಸಿಗುವುದಿಲ್ಲ ಎಂದು ನಾನು ಎಷ್ಟೋ ಸಲ ಗೊಣಗಿದ್ದೆ. ದೀಪ ಹಾಕಿದ್ದನ್ನು ನಮ್ಮವರು ನನಗೆ ಹೇಳಿರಲಿಲ್ಲ. ಹೇಳುವಷ್ಟು ದಿನ ಉಳಿಯಲಿಲ್ಲವೋ ಏನೋ. ಮುಚ್ಚಿದಾಗ ಅದು ಆರಲೆಂದು ಒಂದು ಗುಂಡಿಯನ್ನೂ ಕೂಡಿಸಿದ್ದರು. ಶೆಡ್ಡಿನ ಬಿಸಿಲಿಗೆ ಮುಚ್ಚಳ ಸೊಟ್ಟಗಾಗಿ ಗುಂಡಿಗೆ ತಾಗುತ್ತಿರಲಿಲ್ಲ. ಬ್ಯಾಟರಿ ಚಾರ್ಜ್ ಮಾಡಿಸಿ ಹಾಕಿದಾಗಲೆಲ್ಲ ದೀಪ ಮುಚ್ಚಿದ ಡಬ್ಬಿಯೊಳಗೆ ರಾತ್ರಿಯಿಡೀ ಉರಿದಿತ್ತು.

ವಸಂತ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ. ನಾನು ಟವೆಲ್ಲಿನ ಮೇಲಿನ ಫ್ಯೂಸುಗಳ ಬಣ್ಣ ನೋಡುತ್ತ ನಿಂತಿದ್ದೆ. ನನಗೆ ಏನೂ ಅನಿಸಲಿಲ್ಲ. ಅನಿಸಬೇಕಿತ್ತು ಎಂಬುದು ಮಾತ್ರ ಗೊತ್ತಿತ್ತು.

"ವೈನಿ, ಏನರ ಮಾತಾಡ್ರಿ," ಎಂದ ವಸಂತ.

"ಅವರಿಗಿ ಏನೂ ಕೇಳಬ್ಯಾಡ್ರಿ," ಎಂದರು ರೇವಣಸಿದ್ದಪ್ಪ. "ಬಲ್ಬ್ ಹಿಡದಾರ." ಆಮೇಲೆ ದೀಪದ ವೈರನ್ನು ಬೆರಳಲ್ಲಿ ಹಿಡಿದು ನನ್ನನ್ನು ಕೇಳಿದರು, "ಇದಕ ಕಡೀಲೇನ್ರಿ, ಇಡಲೇನ್ರಿ?"

"ಇರ್ಲಿ," ಎಂದೆ.

ಅವರು ಹಳೆಯ ಚಪ್ಪಲಿಯ ರಬ್ಬರಿನ ಒಂದು ಚೂರು ಕತ್ತರಿಸಿ ಮುಚ್ಚಳದ ಒಳಬದಿಗೆ ಅಂಟಿಸಿದರು. ಮುಚ್ಚಿದಾಗ ನನ್ನ ಕೈಯ ಬಲ್ಬು ಆರಿತು. ಪ್ಲಾಸ್ಟರು ತೆಗೆದು ಟೇಪು ಸುತ್ತುತ್ತ, "ಕೆಲಸ ಕಚ್ಚಾ ಅದ. ಆದ್ರ ಮನಸಿಟ್ಟು ಮಾಡ್ಯಾರ," ಎಂದಷ್ಟೇ ಹೇಳಿದರು. ಆ ವಾರವೇ ಕಾರು ತಪಾಸಣೆಯಲ್ಲಿ ಪಾಸಾಯಿತು. ಗುಜರಿಯ ಮಾತು ನಿಂತಿತು. ನಾನು ಅದನ್ನು ಶಾಲೆಗೆ ಒಯ್ಯತೊಡಗಿದೆ.

ರೇವಣಸಿದ್ದಪ್ಪನವರು ಆ ನಂತರವೂ ಕೆಲವು ಮಂಗಳವಾರ ಸುಮ್ಮನೆ ಬಂದು ಚಹಾ ಕುಡಿದು ಹೋದರು. ನನ್ನ ದುಃಖದ ವಿಷಯ ಒಮ್ಮೆಯೂ ಎತ್ತಲಿಲ್ಲ. ವೈಪರ್ ಹೇಗಿದೆ ಎಂದು ಕೇಳುವರು, ಹಾರ್ನ್ ಒತ್ತಿ ನೋಡುವರು. ಮೂರು ವರ್ಷದಲ್ಲಿ ನನ್ನನ್ನು ನನ್ನಷ್ಟಕ್ಕೆ ಬಿಟ್ಟವರು ಅವರೊಬ್ಬರೇ.

ಹೋದ ತಿಂಗಳು ಒಂದು ಮಂಗಳವಾರ ಅವರು ಬರಲಿಲ್ಲ. ಫೋನ್ ಮಾಡಿದರೆ ಸೊಸೆ ಎತ್ತಿದಳು. "ಮಾವಾರು ಹೋಗ್ಯಾರ್ರಿ, ನಾಕ್ ದಿನ ಆತು. ಕುಂತಲ್ಲೇ ಎದಿ ಹಿಡಕೊಂಡ್ರು," ಎಂದಳು. ಕಾರು ತೆಗೆದುಕೊಂಡು ಕಮಲಾಪುರಕ್ಕೆ ಹೋದೆ.

ಮನೆ ತುಂಬ ಹೆಂಗಸರಿದ್ದರು. ಅವರ ಹೆಂಡತಿ ನೀಲಮ್ಮ ಗೋಡೆಗೆ ಒರಗಿ ಕೂತು ಬಾಗಿಲಾಚೆ ನೋಡುತ್ತಿದ್ದರು. ಕಣ್ಣು ಒಣಗಿದ್ದವು. "ಅತ್ತುಬಿಡವಾ, ಎದಿ ಹಗುರಾಗ್ತದ," ಎಂದು ಒಬ್ಬಾಕೆ ಅವರ ಭುಜ ಹಿಡಿದು ಅಲುಗಿಸುತ್ತಿದ್ದಳು.

"ಬಿಡ್ರಿ ಅವರಿಗೆ. ಅಳು ಬಂದಾಗ ಬರ್ತದ," ಎಂದು ಹೇಳಿ ನಾನು ಪಕ್ಕದಲ್ಲಿ ಕೂತೆ. ಮಾವ ಹೇಳುತ್ತಿದ್ದ ಕಾರಿನ ಅಕ್ಕಾರು ಇವರೇ ಎಂದು ಸೊಸೆ ನೀಲಮ್ಮನ ಕಿವಿಯಲ್ಲಿ ಹೇಳಿದಳು. ಆಮೇಲೆ ನೀಲಮ್ಮ ನನ್ನ ಕಡೆ ತಿರುಗಿದರು.

"ನಿಮಗ ಅಳು ಎಷ್ಟ್ ದಿನಕ್ಕ ಬಂತ್ರಿ ಅಕ್ಕಾರ?" ಎಂದು ಮೆಲ್ಲಗೆ ಕೇಳಿದರು.

"ಇನ್ನಾ ಬಂದಿಲ್ರಿ," ಎಂದೆ.

ನೀಲಮ್ಮ ನನ್ನ ಕೈ ಹಿಡಿದುಕೊಂಡರು. ಕತ್ತಲಾಗುವ ತನಕ ಬಿಡಲಿಲ್ಲ.