ಅರಿಸಿನದ ಮೊದಲ ಒನಕೆ

ನನ್ನ ತಮ್ಮನ ಹೆಂಡತಿಯನ್ನು ನಾನು ಇನ್ನೂ ಕ್ಷಮಿಸಿಲ್ಲ. ಸಾಯುವ ತನಕ ಕ್ಷಮಿಸುವ ವಿಚಾರವೂ ಇಲ್ಲ.

ಎಕಂಬಾದ ನಮ್ಮ ಮನೆಯಲ್ಲಿ ಮಗನ ಮಗಳು ಉಣ್ಣುವುದು, ಮಲಗುವುದು ಬಿಟ್ಟು ಬಾವಿಕಟ್ಟೆಯ ಮೇಲೆ ಕೂರತೊಡಗಿದ್ದಳು. ಬೀದರಿನ ದವಾಖಾನೆಯಲ್ಲಿ ಮನಸ್ಸಿನ ಡಾಕ್ಟರಮ್ಮನಿಗೆ ತೋರಿಸಿದೆವು. ಆಕೆ ಗುಳಿಗೆ ಕೊಟ್ಟಳು, ಗುಳಿಗೆಗಿಂತ ಹೆಚ್ಚು ಹುಡುಗಿಯ ಮಾತು ಕೇಳಿದಳು. ಹುಡುಗಿ ರೊಟ್ಟಿ ಕೇಳಿ ತಿನ್ನುವಂತಾದಳು. ಔರಾದಿನ ಕಾಲೇಜಿಗೂ ಹೊರಟಳು.

ಅಷ್ಟರಲ್ಲಿ ತಮ್ಮನ ಹೆಂಡತಿ ಮಂಡಿನೋವೆಂದು ಅದೇ ದವಾಖಾನೆಗೆ ಬಂದಿದ್ದವಳು, ಇವಳು ಡಾಕ್ಟರಮ್ಮನ ಬಾಗಿಲ ಮುಂದಿನ ಬೆಂಚಿನ ಮೇಲೆ ಕೂತದ್ದನ್ನು ಕಂಡಳು. ತನ್ನೂರು ಭಾಲ್ಕಿ ಮುಟ್ಟುವಷ್ಟರಲ್ಲಿ ಬಸ್ಸಿಗೆಲ್ಲ ಸಾರಿ ಮುಗಿಸಿದ್ದಳು. ಸುದ್ದಿ ಔರಾದಿಗೂ ಬಂತು. ಹುಡುಗಿ ಗುಳಿಗೆಗಳನ್ನು ತಿಪ್ಪೆಗೆ ಒಗೆದಳು.

"ಔಷಧ ಕುಡಿಸಿದ ಕುರಿಗಿ ಗುರುತಿಗಂತ ಕೆಮ್ಮಣ್ಣು ಹಚ್ತೀವಲ್ಲ ಆಯಿ, ಆಕಿ ನನಗ ಹಚ್ಯಾಳ."

ಮತ್ತೆ ಬಾವಿಕಟ್ಟೆ.

ನಾನು ಜಗಳಕ್ಕೆ ಹೋಗಲಿಲ್ಲ, ಕಾದೆ. ಆಕೆಯ ಮಗಳ ಲಗ್ನ ಗೊತ್ತಾಯಿತು. ನಮ್ಮಲ್ಲಿ ಮನೆತನದ ಹಿರಿಯ ಮುತ್ತೈದೆ ಮೊದಲ ಒನಕೆ ಹಾಕದೆ ಲಗ್ನದ ಅರಿಸಿನ ಕುಟ್ಟುವುದಿಲ್ಲ. ಆ ಹಿರಿಯಳು ನಾನೇ. ತಮ್ಮನ ಹೆಂಡತಿ ಸೀರೆ ಹಿಡಿದು ಕರೆಯಲು ಬಂದಳು.

"ಸೀರಿ ಇರ್ಲಿ. ನಾಳಿ ಬೀದರಿಗಿ ಬಂದು ಅದೇ ಬೆಂಚಿನ ಮ್ಯಾಲ ನಮ್ಮ ಪೋರಿ ಬಾಜೂಕ ಕೂಡು. ಆಮ್ಯಾಲ ಒನಕಿ ಹಿಡಿತೇನಿ."

"ಅಕ್ಕಾರ, ಮಂದಿ ನೋಡಿದ್ರ ಏನಂತಾರ್ರಿ?"

"ಏನಂತಾರ ನೀನೇ ಕೇಳು ಬಾ."

ಹುಡುಗಿ ಒಲ್ಲೆ ಎಂದಳು. ಆಕೆ ಕೂಡುವುದನ್ನು ನೋಡಲಿಕ್ಕಾದರೂ ಬಾ ಎಂದೆ. ಬಂದಳು.

ಬೆಂಚಿನ ಮೇಲೆ ತಮ್ಮನ ಹೆಂಡತಿ ಮುಖದ ತನಕ ಸೆರಗು ಎಳೆದುಕೊಂಡಳು. ಆದರೂ ಭಾಲ್ಕಿಯ ಅವಳ ನೆರೆಯವಳೊಬ್ಬಳು ಗುರುತು ಹಿಡಿದಳು.

"ಅಯ್ಯ, ನೀವೂ ಇಲ್ಲಿ ಬರ್ತೀರೇನ್ರಿ?"

"ಬರ್ತಾರ್ರಿ, ಭಾಳ ದಿನದಿಂದ," ಎಂದೆ ನಾನು.

"ಇಲ್ರೀ! ನನಗೇನಾಗ್ಯಾದ್ರಿ!"

"ಮೊದಲ ಎಲ್ಲಾರೂ ಹಿಂಗೇ ಅಂತಾರ್ರಿ," ಎಂದೆ ನೆರೆಯವಳಿಗೆ.

ಹುಡುಗಿ ನಕ್ಕಳು. ಆ ನಗು ಕೇಳಿ ಎಷ್ಟು ದಿನವಾಗಿತ್ತೋ. ಕರೆದಾಗ ತಾನಾಗಿ ಎದ್ದು ಒಳಗೆ ಹೋಗಿ, "ಗುಳಿಗಿ ಒಗದೀನ್ರಿ," ಎಂದಳು.

"ಯಾಕ ಒಗದಿ, ಕೂತು ಹೇಳು," ಎಂದಳು ಡಾಕ್ಟರಮ್ಮ. ಬಾಗಿಲು ಮುಚ್ಚಿತು.

ಮಾತು ಕೊಟ್ಟಂತೆ ಮೊದಲ ಒನಕೆ ಹಾಕಿದೆ, ಗಟ್ಟಿಯಾಗಿಯೇ ಹಾಕಿದೆ. ಲಗ್ನದ ದಿನ ಊಟಕ್ಕೆ ನಿಲ್ಲಲಿಲ್ಲ. ಅವತ್ತು ಹುಡುಗಿ ದವಾಖಾನೆಗೆ ಹೋಗುವ ದಿನ.

ಬೆಂಚಿನ ಮೇಲೆ ಕೂತು ಕೇಳಿದಳು: "ಆಯಿ, ಈ ಬಾಜೂ ಖಾಲಿ ಅದ. ಭಾಲ್ಕಿಗಿ ಫೋನ್ ಹಚ್ಚಲ್ಯಾ?"

"ಹಚ್ಚು," ಎಂದೆ.