ಸಭೆ ತುಂಬಿಸುವ ಹೂವಪ್ಪ

ಭದ್ರಾವತಿಯ ನ್ಯೂ ಟೌನಿನಲ್ಲಿ ಹೂವಪ್ಪನವರ ಮನೆ ಯಾವುದೆಂದು ಯಾರನ್ನು ಕೇಳಿದರೂ ತೋರಿಸುತ್ತಾರೆ. ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದವರು ಎಂಬ ಕಾರಣಕ್ಕಲ್ಲ. ಅಂಥವರು ಆ ಬೀದಿಯಲ್ಲಿ ಮನೆಗೊಬ್ಬರಿದ್ದಾರೆ. ಭದ್ರಾವತಿಯಲ್ಲಾಗಲಿ ಶಿವಮೊಗ್ಗದಲ್ಲಾಗಲಿ ಕಛೇರಿ, ನಾಟಕ, ಪುಸ್ತಕ ಬಿಡುಗಡೆ ಏನೇ ಇರಲಿ, ಸಭೆಗೆ ಜನ ಸೇರಿಸುವವರು ಅವರು. ಬ್ಯಾನರು ಕಟ್ಟುವವರು, ಮೈಕಿನವರು, ಹಾರ ತರುವವರು ಬೇಕಾದಷ್ಟು ಸಿಗುತ್ತಾರೆ. ಕುರ್ಚಿಯಲ್ಲಿ ಬಂದು ಕೂರುವವರು ಸಿಗುವುದಿಲ್ಲ. ಹಾಗಾಗಿ ಸಂಘಟಕರು ಕಲಾವಿದರಿಗೆ ಒಂದು ಫೋನ್ ಮಾಡಿದರೆ, ಎರಡನೆಯದನ್ನು ಹೂವಪ್ಪನವರಿಗೆ ಮಾಡುತ್ತಾರೆ.

ಇದು ಶುರುವಾದಾಗ ಅವರಿಗೆ ಮೂವತ್ತೆರಡು ವರ್ಷ. ರೋಲಿಂಗ್ ಮಿಲ್ಲಿನಲ್ಲಿ ಕೆಲಸ, ಅಲ್ಲಿನ ಸದ್ದಿಗೆ ಎಡಗಿವಿ ಆಗಲೇ ಮಂದವಾಗಿತ್ತು. ಒಂದು ದಿನ ಪಾಳಿ ಮುಗಿಸಿ ಬರುವಾಗ ಬಡಾವಣೆಯ ಸಭಾಂಗಣದ ಬಾಗಿಲು ತೆರೆದಿತ್ತು. ಕಾಲು ನೋಯುತ್ತಿದ್ದುದರಿಂದ ಒಳಗೆ ಹೋಗಿ ಕೂತರು. ಧಾರವಾಡದ ಕಡೆಯಿಂದ ಬಂದ ವಯಸ್ಸಾದ ಗಾಯಕರೊಬ್ಬರು ತಂಬೂರಿ ಶ್ರುತಿ ಮಾಡುತ್ತಿದ್ದರು. ಎದುರಿಗೆ ಆರು ಜನ. ಶ್ರುತಿ ಸೇರಿ ಬಹಳ ಹೊತ್ತಾಗಿದ್ದರೂ ಅವರು ತಂತಿ ಮುಟ್ಟುವುದನ್ನು ಬಿಡಲಿಲ್ಲ. "ಇನ್ನೊಂದ್ ಸ್ವಲ್ಪ ಹೊತ್ತು ನೋಡೋಣ್ರಿ" ಎಂದು ತಬಲಾದವರಿಗೆ ಮೆಲ್ಲಗೆ ಹೇಳಿದ್ದು ಹೂವಪ್ಪನವರ ಬಲಗಿವಿಗೆ ಬಿತ್ತು. ಮನೆಗೆ ಬಂದ ನೆಂಟರಿಗೆ ಊಟವಿಲ್ಲ ಅಂದಷ್ಟು ನಾಚಿಕೆಯಾಯಿತು ಅವರಿಗೆ. ಎದ್ದು ಹೋಗಿ, ಟೀ ಅಂಗಡಿ ಮುಂದೆ ನಿಂತಿದ್ದ ತಮ್ಮದೇ ಪಾಳಿಯವರನ್ನು, "ಒಂದರ್ಧ ಗಂಟೆ ಕೂತು ಹೋಗ್ರಪ್ಪ" ಎಂದು ಕೈ ಹಿಡಿದು ಎಳೆತಂದರು. ಮೈಯೆಲ್ಲ ಎಣ್ಣೆ, ಮಸಿಯ ಆ ಇಪ್ಪತ್ತು ಜನರ ಮುಂದೆ ಗಾಯಕರು ಎರಡು ಗಂಟೆ ಹಾಡಿದರು. ಹೂವಪ್ಪನವರಿಗೆ ಯಾವ ರಾಗವೆಂದು ತಿಳಿಯಲಿಲ್ಲ. ಇವತ್ತಿಗೂ ರಾಗದ ಹೆಸರು ಕೇಳಿದರೆ ತಪ್ಪೇ ಹೇಳುತ್ತಾರೆ. ಹಾಡುವವರ ಎದುರಿಗೆ ಜನ ಇರಬೇಕು ಎಂಬುದೊಂದು ಮಾತ್ರ ಅವತ್ತು ಮನಸ್ಸಿನಲ್ಲಿ ಕೂತುಬಿಟ್ಟಿತು.

ಆಮೇಲೆ ಅದೇ ಅಭ್ಯಾಸವಾಯಿತು. ಪಾಳಿ ಬದಲಾಗುವ ಹೊತ್ತಿಗೆ ಗೇಟಿನಲ್ಲಿ ನಿಂತು ಕರೆಯುವುದು, ಶಿವಮೊಗ್ಗದಲ್ಲಿ ಕಾರ್ಯಕ್ರಮವಿದ್ದರೆ ಒಂದು ವ್ಯಾನ್ ಮಾತಾಡಿಕೊಂಡು ಹೋಗುವುದು. ನಿವೃತ್ತಿಯಾದ ಮೇಲೆ ವಾಟ್ಸಾಪ್ ಬಂತು. ಪ್ರತಿ ಗುರುವಾರ ಮಧ್ಯಾಹ್ನ ಊಟವಾದ ಮೇಲೆ ಕನ್ನಡಕ ಹಾಕಿಕೊಂಡು, ಮುಂದಿನ ಭಾನುವಾರ ಎಲ್ಲೆಲ್ಲಿ ಏನೇನು ಎಂದು ಒಂದೊಂದೇ ಅಕ್ಷರ ಒತ್ತಿ ಬರೆದು ಗೆಳೆಯರ ಗ್ರೂಪಿಗೆ ಕಳಿಸುತ್ತಾರೆ. ಕಳಿಸಿದ ಮಾತ್ರಕ್ಕೆ ಯಾರೂ ಬರುವುದಿಲ್ಲ. ಶನಿವಾರ ಒಬ್ಬೊಬ್ಬರಿಗೂ ಫೋನ್ ಮಾಡಬೇಕು.

"ನಿಮ್ಮ ಮಗಳ ಮದ್ವೆಗೂ ಇಷ್ಟು ಫೋನ್ ಮಾಡಿರ್ಲಿಲ್ಲ ನೀವು" ಎನ್ನುತ್ತಾರೆ ಹೆಂಡತಿ ಬಂಗಾರಮ್ಮ. ಅದು ನಿಜವೂ ಹೌದು.

ಈಚೆಗೆ ಆ ಕೆಲಸ ಭಾರವಾಗುತ್ತಿತ್ತು. ಅವರಿಗೀಗ ಅರವತ್ತೆಂಟು. ಕರೆದರೆ ಬರುತ್ತಿದ್ದ ಗೆಳೆಯರಲ್ಲಿ ಕೆಲವರು ತೀರಿಹೋಗಿದ್ದಾರೆ, ಕೆಲವರಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ. ಉಳಿದವರಲ್ಲಿ ಒಬ್ಬರಿಗೆ ಕ್ರಿಕೆಟ್ಟು, ಇನ್ನೊಬ್ಬರಿಗೆ ಮೊಮ್ಮಗಳ ಟ್ಯೂಷನ್ನು. "ತಿಂಡಿ ಇಟ್ಟಿದಾರಾ?" ಎಂದು ನೇರವಾಗಿ ಕೇಳುವವರೂ ಇದ್ದಾರೆ. ನವೆಂಬರ್ ಬಂತೆಂದರೆ ಪ್ರತಿ ಸಂಘಕ್ಕೂ ರಾಜ್ಯೋತ್ಸವ. ಒಂದೇ ಭಾನುವಾರ ಮೂರು ಕಡೆ. ಬೆಳಿಗ್ಗೆ ಎದ್ದಾಗ ಫೋನ್ ನೋಡಲು ಮನಸ್ಸಾಗದೆ ಅದನ್ನು ದಿಂಬಿನ ಕೆಳಗೆ ತಳ್ಳಿ, ಗೋಡೆ ಕಡೆ ತಿರುಗಿ ಮಲಗಿದ ದಿನಗಳೂ ಇದ್ದವು.

ಅಂಥದೊಂದು ನವೆಂಬರಿನಲ್ಲೇ ಹರಿಪ್ರಸಾದ್ ಫೋನ್ ಮಾಡಿದರು. ಅವರು ಕಾಲೇಜಿನಲ್ಲಿ ಮೇಷ್ಟರು. ಶಿವಮೊಗ್ಗದ ಗೋಪಾಳದಲ್ಲಿರುವ ಒಂದು ಸಣ್ಣ ಕಲಾ ಬಳಗದ ಕಾರ್ಯದರ್ಶಿ.

"ಹೂವಪ್ಪನೋರೇ, ಇಪ್ಪತ್ಮೂರನೇ ತಾರೀಕು ಅಕ್ಷರಾ ಅಂತ ಒಬ್ಬ ಹುಡುಗಿದು ಪಿಟೀಲು ಇಟ್ಕೊಂಡಿದೀವಿ. ಅದಕ್ಕೆ ಮುಂಚೆ ಒಂದು ಸನ್ಮಾನ."

"ಆಯ್ತು ಸಾರ್. ಯಾರಿಗೆ ಸನ್ಮಾನ?"

"ನಿಮಗೇ."

ಹೂವಪ್ಪನವರು ಫೋನನ್ನು ಬಲಗಿವಿಗೆ ಇನ್ನಷ್ಟು ಒತ್ತಿಕೊಂಡರು. "ನಂಗ್ಯಾಕೆ ಸಾರ್? ನಂಗೆ ಹಾಡಕ್ಕೂ ಬರಲ್ಲ, ಬಾರ್ಸಕ್ಕೂ ಬರಲ್ಲ."

"ಕೇಳೋರಿಗೂ ಒಂದ್ ಸಲ ಆಗ್ಲಿ ಅಂತ ಎಲ್ರೂ ಸೇರಿ ತೀರ್ಮಾನ ಮಾಡಿದೀವಿ. ಇಲ್ಲ ಅನ್ಬೇಡಿ. ಮನೆಯವ್ರನ್ನೂ ಕರ್ಕೊಂಡು ಬನ್ನಿ."

ಆ ಗುರುವಾರ ಅವರು ಎಂದಿನಂತೆ ಕನ್ನಡಕ ಹಾಕಿಕೊಂಡು ಕೂತರು. ಶಿವಮೊಗ್ಗದ ಗಾಂಧಿ ಬಜಾರಿನ ಹತ್ತಿರದ ರಾಜ್ಯೋತ್ಸವ ಬರೆದರು, ಭದ್ರಾವತಿಯ ತಾಳಮದ್ದಳೆ ಬರೆದರು. ಗೋಪಾಳದ್ದನ್ನು ಬರೆಯಲು ಹೋಗಿ ಬೆರಳು ನಿಂತಿತು. ತನ್ನ ಸನ್ಮಾನಕ್ಕೆ ತಾನೇ ಬನ್ನಿ ಎಂದು ಕರೆಯುವುದು ಹೇಗೆ? ಎರಡೇ ಕಾರ್ಯಕ್ರಮದ ವಿವರ ಕಳಿಸಿ ಫೋನ್ ಕೆಳಗಿಟ್ಟರು. ಹೇಗೂ ಬಳಗದವರು ಹೇಳಿರುತ್ತಾರೆ ಎಂದುಕೊಂಡರು.

ಭಾನುವಾರ ಬಂಗಾರಮ್ಮ ಮಗಳ ಮದುವೆಯಲ್ಲಿ ಕೊಂಡ ಹಸಿರು ರೇಷ್ಮೆ ಸೀರೆ ಉಟ್ಟರು. ಇಷ್ಟು ವರ್ಷದಲ್ಲಿ ಗಂಡನ ಜೊತೆ ಅವರು ಒಂದು ಕಾರ್ಯಕ್ರಮಕ್ಕೂ ಬಂದವರಲ್ಲ. ಗಂಡ ಕರೆದೂ ಇರಲಿಲ್ಲ. ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದು, ಆಟೋ ಹಿಡಿದು ಗೋಪಾಳ ತಲುಪಿದಾಗ ಐದೂ ಕಾಲು. ಸಭಾಭವನದ ಒಳಗೆ ಇನ್ನೂರು ಕುರ್ಚಿ ಸಾಲಾಗಿ ಹಾಕಿದ್ದರು. ಅಕ್ಷರಾ, ಮೃದಂಗದವರು, ಬಳಗದ ನಾಲ್ಕು ಜನ, ಅಕ್ಷರಾಳ ಮನೆಯ ಕಡೆಯವರು ಎಂಟು ಜನ. ಅಷ್ಟೇ.

ಐದೂಮುಕ್ಕಾಲಾದರೂ ಅಷ್ಟೇ ಜನ. ಹರಿಪ್ರಸಾದ್ ಎರಡು ಸಲ ಗೇಟಿನವರೆಗೆ ಹೋಗಿಬಂದು, ವೇದಿಕೆಯ ಪಕ್ಕದ ಕೋಣೆಯಲ್ಲಿ ಕೂತಿದ್ದ ಹೂವಪ್ಪನವರ ಹತ್ತಿರ ಬಗ್ಗಿದರು.

"ನಿಮ್ಮ ಭದ್ರಾವತಿ ವ್ಯಾನ್ ಎಲ್ಲಿ ತನಕ ಬಂತು ಸಾರ್?"

"ಯಾವ ವ್ಯಾನು?"

"ಪ್ರತಿ ಸಲ ಬರ್ತಾರಲ್ಲ, ನಿಮ್ಮ ಕಡೆಯವ್ರು."

"ನಾನ್ಯಾರಿಗೂ ಹೇಳಿಲ್ಲ" ಎಂದರು ಹೂವಪ್ಪ. "ನನ್ನದೇ ಸನ್ಮಾನ ಅಲ್ವಾ. ನೀವು ಹೇಳಿರ್ತೀರಿ ಅಂದ್ಕೊಂಡೆ."

ಹರಿಪ್ರಸಾದ್ ಮತ್ತೆ ಗೇಟಿನ ಕಡೆ ನೋಡಿದರು. "ನೀವಿದೀರಲ್ಲ ಅಂತ ನಾವು ಕಾರ್ಡ್ ಕೂಡ ಹಂಚ್ಲಿಲ್ಲ" ಎಂದವರು, ಗಡಿಯಾರ ನೋಡಿ, "ಈಗ್ಲೂ ಟೈಮಿದೆ. ಶಿವಮೊಗ್ಗದಲ್ಲಿರೋ ನಾಲ್ಕು ಜನಕ್ಕಾದ್ರೂ ಒಂದ್ ಫೋನ್ ಮಾಡ್ತೀರಾ?" ಎಂದು ಕೇಳಿದರು.

ಕೈ ತಾನಾಗಿಯೇ ಜೇಬಿಗೆ ಹೋಯಿತು. ಮೊದಲ ನಂಬರಿನವರು ಎತ್ತಲಿಲ್ಲ. ಎರಡನೆಯದು ಹಳೆಯ ಸಹೋದ್ಯೋಗಿ ಈಶ್ವರಪ್ಪನವರದು. ಅವರೀಗ ಶಿವಮೊಗ್ಗದಲ್ಲೇ ಮಗನ ಮನೆಯಲ್ಲಿದ್ದಾರೆ.

"ಈಶ್ವರಪ್ಪ, ಗೋಪಾಳದಲ್ಲಿದೀನಿ. ಒಳ್ಳೇ ಪಿಟೀಲು ಇದೆ. ಒಂದರ್ಧ ಗಂಟೆ ಬಂದು ಕೂತು ಹೋಗು ಮಾರಾಯ."

"ಇವತ್ತು ಬೇಡ ಬಿಡೋ, ಸೊಂಟ ಹಿಡ್ಕೊಂಡಿದೆ. ಸನ್ಮಾನ ಗಿನ್ಮಾನ ಇದ್ಯಾ? ಯಾರಿಗೆ?"

"ಯಾರೋ ಒಬ್ರು" ಎಂದು ಹೂವಪ್ಪನವರು ಫೋನ್ ಇಟ್ಟುಬಿಟ್ಟರು. ಬಾಗಿಲಲ್ಲಿ ನಿಂತಿದ್ದ ಬಂಗಾರಮ್ಮ ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಒಳಗೆ ಬಂದು ಪಕ್ಕದ ಕುರ್ಚಿಯಲ್ಲಿ ಕೂತರು.

"ಸಾಕು ಬಿಡಿ" ಎಂದರು. "ಬಂದೋರು ಬಂದಿದಾರೆ."

ಹೂವಪ್ಪನವರು ಮೂರನೆಯ ನಂಬರು ಒತ್ತಲಿಲ್ಲ. ಒತ್ತಲು ಶಕ್ತಿಯೇ ಇರಲಿಲ್ಲವೆಂದರೂ ಸರಿ. ಹರಿಪ್ರಸಾದ್ ಕಡೆ ನೋಡಿ, "ಶುರು ಮಾಡಿ ಸಾರ್. ಆ ಹುಡುಗಿ ಎಷ್ಟೊತ್ತು ಕಾಯ್ಬೇಕು" ಎಂದರು.

ಹದಿನೈದು ಜನರ ಮುಂದೆ ಸನ್ಮಾನವಾಯಿತು. ಶಾಲು, ಪೇಟ, ಹಣ್ಣಿನ ಬುಟ್ಟಿ, ಚೌಕಟ್ಟು ಹಾಕಿದ ಮಾನಪತ್ರ. ಅದನ್ನು ಹರಿಪ್ರಸಾದ್ ಒಮ್ಮೆಯೂ ತಲೆ ಎತ್ತದೆ ಓದಿ ಮುಗಿಸಿದರು. ನಾಚಿಕೆಯಿಂದಲೋ ದುಃಖದಿಂದಲೋ ಹೂವಪ್ಪನವರಿಗೆ ಗೊತ್ತಾಗಲಿಲ್ಲ. ನಾಲ್ಕು ಮಾತಾಡಿ ಎಂದು ಮೈಕ್ ಕೊಟ್ಟರು. ವೇದಿಕೆಯಿಂದ ನೋಡಿದರೆ ಸಭಾಂಗಣ ಹೀಗೆ ಕಾಣುತ್ತದೆಂದು ಅವರಿಗೆ ಗೊತ್ತೇ ಇರಲಿಲ್ಲ. ಲೈಟಿನ ಹಿಂದೆ ಬರೀ ಖಾಲಿ ಕುರ್ಚಿಗಳು. "ಬಂದಿದ್ದಕ್ಕೆ ಎಲ್ರಿಗೂ ನಮಸ್ಕಾರ. ಪಿಟೀಲು ಕೇಳೋಣ" ಎಂದಷ್ಟೇ ಹೇಳಿ ಕೆಳಗಿಳಿದು, ಬಂಗಾರಮ್ಮನ ಪಕ್ಕ ಕೂತರು.

ಅಕ್ಷರಾ ಕಣ್ಣು ಮುಚ್ಚಿಕೊಂಡು ನುಡಿಸತೊಡಗಿದಳು. ಹೂವಪ್ಪನವರು ಸಾಮಾನ್ಯವಾಗಿ ಕಛೇರಿಯುದ್ದಕ್ಕೂ ಬಾಗಿಲ ಕಡೆ ನೋಡುತ್ತ, ಕರೆತಂದವರು ಎದ್ದು ಹೋಗದಂತೆ ಕಣ್ಣಲ್ಲೇ ತಡೆಯುತ್ತ ಕೂರುವವರು. ಅವತ್ತು ಕಾಯಬೇಕಾದವರು ಯಾರೂ ಇರಲಿಲ್ಲ. ಕಾಲು ಗಂಟೆಯಲ್ಲಿ ಅವರ ತಲೆ ವಾಲಿತು. ಹೊದಿಸಿದ ಶಾಲಿನೊಳಗೆ, ಕೈಯನ್ನು ಹಣ್ಣಿನ ಬುಟ್ಟಿಯ ಮೇಲಿಟ್ಟುಕೊಂಡು ಹಾಗೇ ನಿದ್ದೆ ಹೋದರು. ಬಂಗಾರಮ್ಮ ಎಬ್ಬಿಸಲಿಲ್ಲ.

ವಾಪಸು ಬಸ್ಸಿನಲ್ಲಿ ಬಂಗಾರಮ್ಮನೇ ಮಾತು ತೆಗೆದರು. "ಚೆನ್ನಾಗಿ ಬಾರಿಸಿದ್ಲು ಹುಡುಗಿ. ಕೊನೇಲಿ ಒಂದು ಬಾರಿಸಿದ್ಲಲ್ಲ, ನಮ್ಮಮ್ಮ ತೊಟ್ಟಿಲು ತೂಗೋವಾಗ ಹೇಳ್ತಿದ್ದ ಥರನೇ ಇತ್ತು. ಇಷ್ಟು ವರ್ಷ ನನ್ನ ಒಂದ್ ಸಲನಾದ್ರೂ ಕರೀಬಾರ್ದಿತ್ತಾ ನೀವು?"

"ನಿಂಗೆ ಇಷ್ಟ ಆಗಲ್ಲ ಅಂದ್ಕೊಂಡಿದ್ದೆ."

"ಕೇಳಿದ್ರಾ?"

ಕೇಳಿರಲಿಲ್ಲ. ಊರಿಗೆಲ್ಲ ಫೋನ್ ಮಾಡಿದ ಮನುಷ್ಯ ಅಡುಗೆಮನೆಯ ಬಾಗಿಲಿಗೆ ಹೋಗಿ ಒಂದು ಮಾತು ಕೇಳಿರಲಿಲ್ಲ. ಹೂವಪ್ಪನವರು ಕಿಟಕಿಯ ಕಡೆ ತಿರುಗಿದರು. ಬೈಯಿಸಿಕೊಂಡರೂ ಅಷ್ಟೇನೂ ನೋವಾಗಲಿಲ್ಲ. ನೋವಿಗೂ ಜಾಗವಿಲ್ಲದಷ್ಟು ಮೈ ದಣಿದಿತ್ತು.

ಬುಧವಾರ ಮತ್ತೊಂದು ಸಂಘದವರು ಫೋನ್ ಮಾಡಿದರು. ಡಿಸೆಂಬರ್ ಏಳಕ್ಕೆ ನಾಟಕ, ಎರಡು ವ್ಯಾನ್ ಜನ ಬೇಕಿತ್ತು.

"ನಾನು ಬರ್ತೀನಿ, ನಮ್ಮ ಮನೆಯವ್ರೂ ಬರ್ತಾರೆ" ಎಂದರು ಹೂವಪ್ಪ. "ಎಲ್ಲಿ, ಎಷ್ಟೊತ್ತಿಗೆ ಅಂತ ಗ್ರೂಪಿಗೂ ಹಾಕ್ತೀನಿ. ಜನ ಕರ್ಕೊಂಡು ಬರೋದು ಮಾತ್ರ ಇನ್ಮೇಲೆ ನನ್ ಕೈಲಾಗಲ್ಲ."

"ನೀವೇ ಹಿಂಗಂದ್ರೆ ಹೆಂಗೆ ಸಾರ್?"

"ಹೆಂಗೋ ನಂಗೂ ಗೊತ್ತಿಲ್ಲಪ್ಪ."

ಫೋನ್ ಇಟ್ಟು ಅವರು ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಕಾಲು ಚಾಚಿದರು. ಆ ನಾಟಕಕ್ಕೆ ಎಷ್ಟು ಜನ ಬಂದಾರೆಂಬ ಚಿಂತೆ ಸ್ವಲ್ಪ ಹೊತ್ತು ಕಾಡಿತು. ಆಮೇಲೆ ಅಡುಗೆಮನೆಯ ಕಡೆ ಕೂಗಿ, ಏಳನೇ ತಾರೀಕು ಬೇರೆ ಏನೂ ಕೆಲಸ ಇಟ್ಟುಕೊಳ್ಳಬೇಡ ಎಂದರು.