ಕಹಳೆಯ ಗಂಟಲು, ತಂತಿಯ ಬೀಗ

ಆ ಹುಡುಗಿಗೆ ತಂತಿ ಅಂತ ಹೆಸರಿಟ್ಟವರು ಆಸ್ಪತ್ರೆಯ ಲಾಂಡ್ರಿಯ ಹೆಂಗಸರು. ಮೈಯೂ ತಂತಿ, ಕೈಯಲ್ಲಿ ಸದಾ ಇದ್ದದ್ದೂ ತಂತಿ. ಸ್ಕೂಲು ಬಿಟ್ಟ ಮೇಲೆ ದೊಡ್ಡಮ್ಮನನ್ನು ಹುಡುಕಿಕೊಂಡು ಲಾಂಡ್ರಿಗೆ ಬಂದು, ಕೆಟ್ಟ ಫ್ಯಾನೋ ರೇಡಿಯೋನೋ ಸಿಕ್ಕರೆ ಬಿಚ್ಚಿ ಕೂರುತ್ತಿದ್ದಳು. ಅರ್ಧ ಸರಿಹೋಗುತ್ತಿದ್ದವು, ಅರ್ಧ ಗುಜರಿ ಸೇರುತ್ತಿದ್ದವು. ಈಗ ಎಂಜಿನಿಯರಿಂಗ್ ಕೊನೆಯ ವರ್ಷ. ಬಾಯಿ ಕಡಿಮೆ, ಹಟ ಜಾಸ್ತಿ. ಅವಳ ಬಗ್ಗೆ ಬರೆಯುತ್ತೇನೆ ಅಂದಾಗ ನಮ್ಮ ಲಾಂಡ್ರಿ ಯೂನಿಯನ್ನಿನ ಕೆಲವರು ಮುಖ ಸಿಂಡರಿಸಿದರು. ಸಿಂಡರಿಸಲಿ.

ದೊಡ್ಡಮ್ಮ ಇವಳಿಗೆ ತದ್ವಿರುದ್ಧ. ಅವಳನ್ನು ಎಲ್ಲರೂ ಕರೆಯುವುದೇ ಕಹಳೆ ಅಂತ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ದೊಡ್ಡ ರೋಲರ್‌ಗಳು ಒಟ್ಟಿಗೆ ತಿರುಗುವಾಗ ಪಕ್ಕದವಳು ಕಿವಿಯಲ್ಲಿ ಕೂಗಿದರೂ ಕೇಳಿಸುವುದಿಲ್ಲ. ಆ ಗದ್ದಲದ ಹೆಗಲು ಹತ್ತಿ ನಿಲ್ಲುವ ಗಂಟಲು ಅವಳದು. ನಾವು ಮೈಕು ಬಾಡಿಗೆಗೆ ತರುವುದನ್ನೇ ಬಿಟ್ಟಿದ್ದೆವು. ಕಹಳೆ ಗೇಟಿನ ಹತ್ತಿರ ನಿಂತು ಘೋಷಣೆ ಎತ್ತಿದರೆ ಮೇಲಿನ ಮಹಡಿಯ ರೋಗಿಗಳೂ ಮಲಗಿದಲ್ಲಿಂದಲೇ ದನಿಗೂಡಿಸುತ್ತಾರೆ ಅಂತ ಡಾಕ್ಟರರು ದೂರು ಕೊಟ್ಟದ್ದುಂಟು.

ಆ ಗಂಟಲಿಗೇ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆ ತೆಗೆದುಹಾಕಿದರು. ಜೀವ ಉಳಿಯಿತು, ಮಾತು ಹೋಯಿತು. ಯಾರನ್ನಾದರೂ ಕರೆಯಬೇಕಾದರೆ ಕಹಳೆ ಚಮಚ ಎಸೆಯಲು ಶುರು ಮಾಡಿದಳು. ಗುರಿ ಚೆನ್ನಾಗಿತ್ತು. ತಂತಿಯ ಹಣೆಗೂ ಒಂದು ಬಿತ್ತು. ಹಣೆ ಉಜ್ಜಿಕೊಂಡು ಹೋದವಳು ಕಾಲೇಜಿನ ಪ್ರಾಜೆಕ್ಟಿಗೆ ಇದನ್ನೇ ಹಿಡಿದಳು. ಹಳೆಯ ರೆಕಾರ್ಡಿಂಗ್‌ಗಳಿಂದ ದೊಡ್ಡಮ್ಮನ ದನಿಯನ್ನು ಕಂಪ್ಯೂಟರಿಗೆ ಕಲಿಸುವುದು, ದೊಡ್ಡಮ್ಮ ಫೋನಿನಲ್ಲಿ ಟೈಪ್ ಮಾಡಿದ್ದನ್ನು ಅದು ಅವಳ ದನಿಯಲ್ಲೇ ಹೇಳುವ ಹಾಗೆ ಮಾಡುವುದು.

"ಇದರಿಂದ ಮುಂದೇನಮ್ಮ? ಯಾರು ಕೊಳ್ತಾರೆ?" ಅಂತ ಮೇಷ್ಟರು ಕೇಳಿದರಂತೆ.

"ಯಾರೂ ಕೊಳ್ಳೋದು ಬೇಡ ಸಾರ್. ನಮ್ಮ ದೊಡ್ಡಮ್ಮ ಮತ್ತೆ ಬೈಬೇಕು, ಅಷ್ಟೇ."

ರೆಕಾರ್ಡಿಂಗ್ ಹುಡುಕಲು ಹೊರಟಾಗ ತಿಳಿಯಿತು, ಮನೆಮಾತನ್ನು ಯಾರೂ ಹಿಡಿದಿಟ್ಟಿರುವುದಿಲ್ಲ. ಸಿಕ್ಕಿದ್ದೆಲ್ಲ ಘೋಷಣೆ, ಭಾಷಣ. ಅದರಲ್ಲೂ ತೀರಾ ಸ್ಪಷ್ಟವಾಗಿದ್ದದ್ದು ಪೊಲೀಸರು ನಮ್ಮ ಮೇಲೆ ಕೇಸು ಹಾಕಿದಾಗ ಕೋರ್ಟಿಗೆ ಕೊಟ್ಟದ್ದು. ನಮ್ಮ ವಕೀಲರ ಹತ್ತಿರ ಅದರ ಪ್ರತಿ ಇತ್ತು. ನಮ್ಮ ಮಾತನ್ನು ಅಷ್ಟು ಶ್ರದ್ಧೆಯಿಂದ ಕೇಳಿಸಿಕೊಂಡವರು ಪೊಲೀಸರು ಮಾತ್ರ.

ಹೀಗಾಗಿ ಯಂತ್ರಕ್ಕೆ ಕೂಗುವುದು ಬಿಟ್ಟು ಬೇರೇನೂ ಬರಲಿಲ್ಲ. ಮೊದಲ ದಿನ ತಂತಿಯ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದೆವು. ಕಹಳೆ ಟೈಪ್ ಮಾಡಿ ಗುಂಡಿ ಒತ್ತಿದಳು.

"ಉಪ್ಪು ಸಾಲದು!"

ಸರ್ಕಾರ ರಾಜೀನಾಮೆ ಕೊಡಬೇಕು ಅನ್ನುವ ಧಾಟಿ. ತಂತಿಯ ಅಮ್ಮನ ಕೈಯಿಂದ ತಟ್ಟೆ ಬಿತ್ತು. ಅಭ್ಯಾಸಬಲದಿಂದ ನಾನು "ಸಾಲದು, ಸಾಲದು!" ಅಂದುಬಿಟ್ಟೆ. ಕಹಳೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ಸದ್ದೇ ಇಲ್ಲದೆ.

ತಂತಿ ತನ್ನ ಅಮ್ಮನ ದನಿಯನ್ನು ಬೆರೆಸಿ, ಮೆತ್ತಗೆ ಮಾಡಿ ತಂದಳು. ಕಹಳೆ ಅದರಲ್ಲಿ ಒಂದೇ ಮಾತು ಹೇಳಿಸಿದಳು: "ಇದು ನಿಮ್ಮಮ್ಮ. ನಂಗೆ ನಾನೇ ಬೇಕು." ಹಳೆಯದನ್ನೇ ವಾಪಸ್ ಹಾಕಿಸಿಕೊಂಡಳು.

ಅದೇ ದಿನಗಳಲ್ಲಿ ತಂತಿಯ ಕ್ಲಾಸಿನ ಹುಡುಗನೊಬ್ಬ ತಮಾಷೆಗೆ ಆ ದನಿಯಲ್ಲಿ "ಬೇಗ ಬಾರೇ, ಉಸಿರು ಕಟ್ತಿದೆ" ಅಂತ ಮಾಡಿ ತಂತಿಯ ಫೋನಿಗೆ ಕಳಿಸಿದ. ಫೋನು ಅಡುಗೆಮನೆಯಲ್ಲಿತ್ತು. ಅಕ್ಕನೇ ಏನೋ ಕಳಿಸಿದ್ದಾಳೆ ಅಂತ ಒತ್ತಿ ಕೇಳಿಸಿಕೊಂಡದ್ದು ತಂತಿಯ ಅಮ್ಮ. ಸೋಪು ಮೆತ್ತಿದ ಕೈಯಲ್ಲೇ, ಬರಿಗಾಲಲ್ಲಿ, ಪಕ್ಕದ ಬೀದಿಯ ಅಕ್ಕನ ಮನೆಗೆ ಓಡಿದಳು. ಅಕ್ಕ ಹೊಸ್ತಿಲ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದಳು.

"ಅವನದು ಅರ್ಧ ತಪ್ಪು. ಬಾಗಿಲು ಹಾಕದೆ ಬಿಟ್ಟವಳು ನಾನು," ಅಂದಳು ತಂತಿ. ಅವತ್ತೇ ಕಾಲೇಜಿನ ಕಂಪ್ಯೂಟರುಗಳಿಂದ ಆ ದನಿಯನ್ನು ಅಳಿಸಿ, ದೊಡ್ಡಮ್ಮನ ಫೋನಿನಲ್ಲಿ ಮಾತ್ರ ಉಳಿಸಿದಳು. ಅದಕ್ಕೊಂದು ಬೀಗವನ್ನೂ ಹಾಕಿದಳು. ದೊಡ್ಡಮ್ಮ ಹೆಬ್ಬೆರಳು ಒತ್ತಿದರೆ ತೆರೆಯುತ್ತದೆ, ಇಲ್ಲದಿದ್ದರೆ ಯಾರು ತಲೆ ಚಚ್ಚಿಕೊಂಡರೂ ತುಟಿ ಬಿಚ್ಚುವುದಿಲ್ಲ.

ಆ ಬೀಗಕ್ಕೆ ಪರೀಕ್ಷೆ ಬಂದದ್ದು ನಮ್ಮ ಕಡೆಯಿಂದಲೇ.

ಲಾಂಡ್ರಿಯ ರೋಲರಿನ ಬಾಯಿಗೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ ಇರುತ್ತದೆ, ಗಾರ್ಡು. ಹಾಸಿಗೆಬಟ್ಟೆ ಒಳಗೆ ಹೋಗಬೇಕು, ಬೆರಳು ಹೋಗಬಾರದು. ಆಸ್ಪತ್ರೆಯಲ್ಲಿ ಜ್ವರದವರು ತುಂಬಿಕೊಂಡು ಬಟ್ಟೆ ರಾಶಿಬಿದ್ದಾಗ ಮ್ಯಾನೇಜರು ಒಂದೇ ಒಂದು ದಿನದ ಮಟ್ಟಿಗೆ ಅಂತ ಗಾರ್ಡು ಬಿಚ್ಚಿಸಿದ. ಕೆಲಸ ಬೇಗ ಆಗುತ್ತದೆ ಅಂತ ಗೊತ್ತಾದ ಮೇಲೆ ಯಾವನು ವಾಪಸ್ ಹಾಕಿಸುತ್ತಾನೆ? ಹೊಸದಾಗಿ ಸೇರಿದ್ದವಳೊಬ್ಬಳ ಎಡಗೈ ಒಳಗೆ ಹೋಯಿತು. ಕೈ ಬೆಂದುಹೋಯಿತು, ಬೆರಳುಗಳು ಉಳಿಯಲಿಲ್ಲ.

ಗಾರ್ಡು ಹಾಕುವ ತನಕ ಯಾರೂ ಒಳಗೆ ಹೋಗುವುದು ಬೇಡ, ನಾಳೆ ಬೆಳಿಗ್ಗೆ ಗೇಟಿನಲ್ಲಿ ಸಭೆ ಅಂತ ಯೂನಿಯನ್ ತೀರ್ಮಾನಿಸಿತು. ಆದರೆ ಹೆಂಗಸರು ಹೆದರಿದ್ದರು. ಕಹಳೆ ಕರೆದರೆ ನಿಲ್ಲುತ್ತಾರೆ, ಇಲ್ಲದಿದ್ದರೆ ಅನುಮಾನ. ಕಹಳೆಯೋ, ಶ್ವಾಸಕೋಶಕ್ಕೆ ಸೋಂಕು ತಗುಲಿ ಅದೇ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಬಿದ್ದಿದ್ದಳು.

ಸಂಜೆ ಯೂನಿಯನ್ ಕಾರ್ಯದರ್ಶಿ ತಂತಿಯ ಮನೆಗೆ ಹೋದ. ನಾನೂ ಜೊತೆಗಿದ್ದೆ.

"ಎರಡೇ ಮಾತಮ್ಮ. 'ಯಾರೂ ಒಳಗೆ ಹೋಗಬೇಡಿ, ನಾನಿದ್ದೀನಿ.' ಅವಳ ದನೀಲಿ ಮಾಡಿಕೊಡು. ಗೇಟಲ್ಲಿ ಹಾಕ್ತೀವಿ."

"ದೊಡ್ಡಮ್ಮ ಅದನ್ನ ಬರೆದಿಲ್ವಲ್ಲ ಅಣ್ಣ."

"ಎಚ್ಚರ ಇದ್ದಿದ್ರೆ ಅದನ್ನೇ ಹೇಳ್ತಿದ್ದಳು. ನಿಂಗೆ ಅನುಮಾನವಾ?"

"ಇಲ್ಲ."

"ಮತ್ತೆ? ಬೀಗ ಹಾಕಿದವಳು ನೀನೇ. ತೆಗೆಯೋಕೆ ಬರಲ್ವಾ?"

"ಬರುತ್ತೆ. ತೆಗೆಯಲ್ಲ."

ಕಾರ್ಯದರ್ಶಿಗೆ ಪಿತ್ತ ನೆತ್ತಿಗೇರಿತು. "ಅಲ್ಲೊಬ್ಬಳ ಕೈ ಬೆಂದಿದೆ, ನೀನಿಲ್ಲಿ ಕಾಲೇಜು ಪಾಠ ಒಪ್ಪಿಸ್ತೀಯಾ? ನಿನ್ನನ್ನ ಓದಿಸಿದ್ದು ಯಾರ ಬೆವರು? ನಿನ್ನ ವಿದ್ಯೆ ಬಡವರ ಕೆಲಸಕ್ಕೆ ಬರಬಾರದಾ? ಒಂದೇ ಒಂದು ಸಲ ಕೇಳ್ತಿದ್ದೀವಿ."

"ಮ್ಯಾನೇಜರೂ ಒಂದೇ ಒಂದು ದಿನ ಅಂತ ತಾನೇ ಗಾರ್ಡು ಬಿಚ್ಚಿಸಿದ್ದು?"

ಅಲ್ಲಿಗೇ ಬಿಟ್ಟಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಕಾರ್ಯದರ್ಶಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ದನಿ ತಗ್ಗಿಸಿದ. "ಹೋಗ್ಲಿ, ನೀನು ಬೀಗ ಮುಟ್ಟಬೇಡ. ಫೋನು ಕೊಡು. ವಾರ್ಡಿಗೆ ಹೋಗಿ ಅವಳ ಹೆಬ್ಬೆರಳು ಒತ್ತಿಸಿಕೊಂಡು ಬರ್ತೀವಿ."

ತಂತಿ ಎದ್ದು ನಿಂತಳು. ಅಷ್ಟುದ್ದ ಅವಳು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಅಣ್ಣ, ಓದೋಕೆ ಬರದವರ ಹತ್ರ ಹೆಬ್ಬೆಟ್ಟು ಒತ್ತಿಸಿಕೊಳ್ಳೋರ ವಿರುದ್ಧ ಎಷ್ಟು ವರ್ಷ ನೀವು ಬೀದೀಲಿ ಕೂತಿದ್ರಿ? ಆ ಕಥೆ ನಂಗೆ ಹೇಳಿದ್ದೇ ನೀವು. ನಾಡಿದ್ದು ಮ್ಯಾನೇಜರು ಯಾರ ಕೈಲೋ ಇದೇ ದನೀಲಿ 'ಎಲ್ರೂ ಒಳಗೆ ಬನ್ನಿ' ಅಂತ ಮಾಡಿಸಿ ಹಾಕಿದ್ರೆ, ಅದು ಸುಳ್ಳು ಅಂತ ನಾನು ಯಾವ ಮುಖ ಇಟ್ಕೊಂಡು ಹೇಳಲಿ? ಈ ವಿದ್ಯೆ ಕಲಿತವಳು ನಾನು. ಇದರಿಂದ ಏನು ಕೆಡುತ್ತೆ ಅಂತ ನನಗೆ ಗೊತ್ತಿರೋ ಅಷ್ಟು ನಿಮಗೆ ಗೊತ್ತಿಲ್ಲ. ನಾಳೆ ಗೇಟಿಗೆ ನಾನು ಬರ್ತೀನಿ. ನನ್ನ ಬಾಯಿಂದ ಏನು ಬೇಕಾದ್ರೂ ಕೂಗಿಸಿ. ಅವಳ ಬಾಯಿ ಅವಳದು."

"ನಿನ್ನ ಬಾಯಿ ಯಾರಿಗೆ ಬೇಕು?" ಅಂತ ಅವನು ಚಪ್ಪಲಿ ಮೆಟ್ಟಿದ.

"ಚಾ ಆದರೂ ಕುಡಿದು ಹೋಗಿ ಅಣ್ಣ," ಅಂದಳು ತಂತಿಯ ಅಮ್ಮ. ಅವನು ಕುಡಿಯಲಿಲ್ಲ. ನಾನು ಕುಡಿದೆ.

ಬೆಳಿಗ್ಗೆ ತಂತಿ ಗೇಟಿಗೆ ಬಂದಳು. ಬಟ್ಟೆ ತಳ್ಳುವ ಗಾಡಿಯ ಮೇಲೆ ಹತ್ತಿ ನಿಂತು, "ದೊಡ್ಡಮ್ಮನಿಗೆ ಎಚ್ಚರ ಇಲ್ಲ. ಅವಳು ಇವತ್ತು ಏನೂ ಹೇಳಿಲ್ಲ. ಅವಳ ಹೆಸರಲ್ಲಿ ಯಾರು ಏನೇ ಕೇಳಿಸಿದ್ರೂ ನಂಬಬೇಡಿ. ನಾನು ಹೇಳೋದು ಇಷ್ಟೇ, ಗಾರ್ಡಿಲ್ಲದ ಮೆಷಿನ್ನಿಗೆ ಕೈ ಕೊಡಬೇಡಿ," ಅಂದಳು.

"ಏನಂತೆ? ಜೋರಾಗಿ ಹೇಳೇ!" ಅಂತ ಹಿಂದಿನಿಂದ ಯಾರೋ ಕೂಗಿದರು. ಅವಳು ಮತ್ತೆ ಹೇಳಿದಳು. ದನಿ ಒಡೆಯಿತು.

"ಕಹಳೆ ಮನೇಲಿ ಪೀಪಿ ಹುಟ್ಟಿದೆ ಕಣ್ರೇ!"

ಎಲ್ಲರೂ ನಕ್ಕರು. ನಕ್ಕವರಲ್ಲಿ ಅರ್ಧ ಜನ ಹೊರಗೆ ನಿಂತರು, ಉಳಿದರ್ಧ ತಲೆ ತಗ್ಗಿಸಿಕೊಂಡು ಒಳಗೆ ಹೋದರು. ಅರ್ಧ ಕೈಗಳಿಂದ ಆ ರೋಲರುಗಳು ಓಡುವುದಿಲ್ಲ. ವಾರ್ಡುಗಳಲ್ಲಿ ಹಾಸಿಗೆಬಟ್ಟೆ ಖಾಲಿಯಾಗುತ್ತ ಬಂತು. ಕೆಲವು ದಿನ ಎಳೆದಾಡಿ ಮ್ಯಾನೇಜರು ಗಾರ್ಡು ಹಾಕಿಸಿದ. ಆದರೆ ಮುಂದಿನ ಸಾಲಿನಲ್ಲಿ ನಿಂತಿದ್ದ ಇಬ್ಬರು ಹೆಂಗಸರನ್ನು ಕೆಲಸದಿಂದ ಕಿತ್ತುಹಾಕಿದ.

ಕಹಳೆಯ ದನಿ ಕೇಳಿಸಿದ್ದರೆ ಎಲ್ಲರೂ ಹೊರಗೆ ನಿಲ್ಲುತ್ತಿದ್ದರು, ಎಲ್ಲರನ್ನೂ ಕೀಳುವ ತಾಕತ್ತು ಅವನಿಗಿರಲಿಲ್ಲ ಅಂತ ಕಾರ್ಯದರ್ಶಿ ಇವತ್ತಿಗೂ ಹೇಳುತ್ತಾನೆ. ಅದು ಸುಳ್ಳು ಅಂತ ನಾನು ಹೇಳಲಾರೆ. ತಂತಿಯೂ ಹೇಳುವುದಿಲ್ಲ. ಆ ಇಬ್ಬರ ಮನೆಗೂ ಹೋದಳು. ಒಬ್ಬಳು ಬಾಗಿಲಲ್ಲೇ ನಿಲ್ಲಿಸಿ ಉಗಿದಳು. ಉಗಿಸಿಕೊಂಡಳು.

ಕಹಳೆಗೆ ಎಚ್ಚರವಾಗಿ, ಎದ್ದು ಕೂರುವಂತಾದ ದಿನ ತಂತಿ ಒಂದನ್ನೂ ಬಚ್ಚಿಡದೆ ಹೇಳಿದಳು. ಕಹಳೆ ಫೋನು ಕಸಿದುಕೊಂಡಳು.

"ನಾನು ಅದನ್ನೇ ಹೇಳ್ತಿದ್ದೆ ಕಣೇ, ಕತ್ತೆ!"

ಇಡೀ ವಾರ್ಡು ತಿರುಗಿ ನೋಡಿತು. ನರ್ಸು ಓಡಿ ಬಂದಳು.

"ನೀನು ಹೇಳ್ತಿದ್ದೆ ದೊಡ್ಡಮ್ಮ," ಅಂದಳು ತಂತಿ. "ಹೇಳಿರಲಿಲ್ಲ."

ಕಹಳೆ ಅವಳನ್ನೇ ದಿಟ್ಟಿಸಿದಳು. ಹೊಗಳಲಿಲ್ಲ, ತಲೆ ನೇವರಿಸಲಿಲ್ಲ, ಅದು ಅವಳ ಜಾಯಮಾನವೇ ಅಲ್ಲ. ಮತ್ತೆ ಟೈಪ್ ಮಾಡಿದಳು: "ಆ ಇಬ್ಬರು ವಾಪಸ್ ಬರಬೇಕು. ಮ್ಯಾನೇಜರ್ ಹತ್ರ ಕರ್ಕೊಂಡು ಹೋಗು."

ಆಸ್ಪತ್ರೆಯಿಂದ ಬಿಟ್ಟ ದಿನವೇ ಹೋದೆವು. ಮ್ಯಾನೇಜರನ ಕೋಣೆಯಲ್ಲಿ ಕಹಳೆ ಕುರ್ಚಿಯಲ್ಲಿ, ತಂತಿ ಪಕ್ಕದಲ್ಲಿ ನಿಂತು, ಬಾಗಿಲಲ್ಲಿ ಕೆಲಸ ಕಳೆದುಕೊಂಡ ಆ ಇಬ್ಬರು ಮತ್ತು ನಾನು. ಡ್ರಿಪ್ಪಿನ ಸೂಜಿ ಚುಚ್ಚಿ ಚುಚ್ಚಿ ಕಹಳೆಯ ಕೈ ಊದಿಕೊಂಡಿತ್ತು. ಒಂದು ಅಕ್ಷರ ಒತ್ತುವಳು, ಪಕ್ಕದ್ದು ಬೀಳುವುದು, ಅಳಿಸುವಳು, ಮತ್ತೆ ಒತ್ತುವಳು.

ಮ್ಯಾನೇಜರು ಗಡಿಯಾರ ನೋಡಿದ. "ನೀನು ಓದಿದ ಹುಡುಗಿ. ಅವರು ಏನು ಹೇಳಬೇಕು ಅಂತಿದ್ದಾರೆ ನಿಂಗೆ ಗೊತ್ತಲ್ಲಮ್ಮ. ನೀನೇ ಹೇಳಿಬಿಡು, ಮುಗಿಸೋಣ."

ತಂತಿಗೆ ಗೊತ್ತಿತ್ತು. ದೊಡ್ಡಮ್ಮ ಹುಡುಕುತ್ತಿದ್ದ ಮುಂದಿನ ಅಕ್ಷರವೂ ಕಾಣುತ್ತಿತ್ತು. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಅವರೇ ಹೇಳ್ತಾರೆ. ಕಾಯಿರಿ."

"ನಂಗೆ ಬೇರೆ ಕೆಲಸ ಇದೆ," ಅಂತ ಅವನು ಎದ್ದ. ಬಾಗಿಲಲ್ಲಿದ್ದ ಇಬ್ಬರೂ ಜಾಗ ಬಿಡಲಿಲ್ಲ. ಅವರನ್ನೊಮ್ಮೆ, ತಂತಿಯನ್ನೊಮ್ಮೆ ನೋಡಿ ಅವನು ಮತ್ತೆ ಕೂತ. ಕಹಳೆ ತಲೆಯೆತ್ತಲಿಲ್ಲ. ಅವಳು ಎರಡನೆಯ ವಾಕ್ಯ ಶುರು ಮಾಡಿದ್ದಳು.